ಗೋದಾಮಿಗೆ ಕೊಟ್ಟ ಮುಖ

"ಮಾರಿ ಎತ್ತಲೇ ಮುದುಕಿ! ಹೆಣ್ಣ ನೋಡಾಕ ಬಂದಾರಂತ ತಲಿ ಬಗ್ಗಿಸಿ ನಿಂತೀಯೇನು?"

ಬೈಗುಳ ಬಿದ್ದದ್ದು ಸಾಲಿನ ಮುಂದಿದ್ದ ಮುದುಕಿಗೆ. ಸೆರಗು ಮುಖಕ್ಕೆ ಎಳೆದುಕೊಂಡದ್ದು ಹಿಂದೆ ನಿಂತಿದ್ದ ಎರ್ರೆಮ್ಮ. ಈ ದನಿ ಅವಳಿಗೆ ಗೊತ್ತು. ಸೂಪರ್‌ವೈಸರ್ ಅಂದಾನಪ್ಪ. ಇವನು ಯಾವಾಗ ಗೇಟಿಗೆ ಬಂದ?

ವಡ್ಡು ಊರಿನ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಕಸ ಗುಡಿಸುವ, ಬೂದಿ ಹೊರುವ ಹೆಂಗಸರನ್ನೆಲ್ಲ ಬೆಳಿಗ್ಗೆಯಿಂದ ನಿಲ್ಲಿಸಿಕೊಂಡಿದ್ದರು. ಕಂಪ್ಯೂಟರಿಗೆ ಅಪ್‌ಡೇಟ್ ಬಂದಿದೆಯಂತೆ, ಎಲ್ಲರೂ ಗೇಟಿನ ಕ್ಯಾಮೆರಾಕ್ಕೆ ಹೊಸದಾಗಿ ಮುಖ ಕೊಡಬೇಕಂತೆ.

"ಇದು ಡೇಟಾ ವೇರ್‌ಹೌಸು, ತಿಳೀತೇನ್ರೇ?" ಅಂದಾನಪ್ಪ ತಾನೇ ಹೆತ್ತವನಂತೆ ಉಬ್ಬಿ ಹೇಳುತ್ತಿದ್ದ. "ಗೋದಾಮು ಇದ್ದಂಗ. ಮೊದ್ಲು ಒಬ್ಬೊಬ್ಬ ಕಾಂಟ್ರ್ಯಾಕ್ಟರ್‌ದು ಆಳಿನ ದಾಖಲಿ ಒಂದೊಂದ್ ಕಡಿ ಇತ್ತು. ಈಗ ಎಲ್ಲಾ ಒಂದೇ ಕಡಿ. ಪಾಸ್ ಬದಲಿದ್ರೂ ಮಾರಿ ಹಿಡದು ಜೋಡಸ್ತತಿ. ಹಳೇದು ಒಂದೂ ಅಳಸಂಗಿಲ್ಲ. ನಿಮ್ಮ ಒಳ್ಳೇದಕ್ಕ!"

ಕಂಪನಿಯವರು ಒಳ್ಳೆಯದಕ್ಕೆ ಎಂದಾಗಲೆಲ್ಲ ಈ ಹೆಂಗಸರು ಏನನ್ನಾದರೂ ಕಳೆದುಕೊಂಡೇ ಮನೆಗೆ ಹೋಗಿದ್ದರು. ಎರ್ರೆಮ್ಮನ ಅವ್ವ ಕೂಲಿಗೆ ಕಳೆ ಕೀಳುತ್ತಿದ್ದ ಹೊಲ ಈಗ ಈ ಕಾರ್ಖಾನೆಯ ಅಡಿಗಿತ್ತು.

ಹೋದ ವರ್ಷ ಶೆಡ್ಡಿನ ಹಿಂದೆ ಇದೇ ಅಂದಾನಪ್ಪ ಎರ್ರೆಮ್ಮನ ಸೊಂಟಕ್ಕೆ ಕೈ ಹಾಕಿದ್ದ. ಅವಳು ಪೊರಕೆ ತಿರುಗಿಸಿ ಬಾರಿಸಿದ್ದಳು. ಕಾಂಟ್ರ್ಯಾಕ್ಟರ್ ಅವತ್ತೇ ಅವಳನ್ನು ಓಡಿಸಿದ. ಇನ್ನೊಬ್ಬ ಕಾಂಟ್ರ್ಯಾಕ್ಟರನ ಕೈಕೆಳಗೆ ಹೊಸ ಪಾಸ್ ಮಾಡಿಸಿ, ಇವನ ಕಣ್ಣಿಗೆ ಬೀಳದ ಮೂಲೆಯಲ್ಲಿ ಬೂದಿ ಹೊರುತ್ತಿದ್ದಳು. ಈ ಗೇಟು ಮುಚ್ಚಿದರೆ ಅವಳ ಒಲೆ ಆರಿದಂತೆಯೇ.

ಕಂಪ್ಯೂಟರಿನ ಮುಂದೆ ಕೂತಿದ್ದವಳು ಅಂಜಲಿ. ಎರ್ರೆಮ್ಮನ ಕೇರಿಯದೇ ಹುಡುಗಿ, ಡಿಗ್ರಿ ಮುಗಿಸಿ ಇಲ್ಲೇ ಗುತ್ತಿಗೆಯ ಮೇಲೆ ಸೇರಿದ್ದಳು. ನಿನ್ನೆ ಬಸ್ಸಿನಲ್ಲಿ ಎರ್ರೆಮ್ಮನನ್ನು ಕಂಡೂ ಕಾಣದವಳ ಹಾಗೆ ಕಿಟಕಿಯ ಕಡೆ ತಿರುಗಿದ್ದಳು. ಅಂದರೆ ಹಳೆಯದೆಲ್ಲ ಇವತ್ತು ಹೊರಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇವಳು ನಮ್ಮವಳೋ, ಅವರವಳೋ?

"ನಮ್ಮ ಹುಡುಗೀನ ಅದಾಳಲ್ಲ, ಯಾಕ ಹೆದರ್ತಿ?" ಹಿಂದಿದ್ದ ದುರ್ಗಕ್ಕ ಪಿಸುಗುಟ್ಟಿದಳು.

"ಅದಕ್ಕ ಅಕಿನ್ನ ಕುಂದರ್ಸ್ಯಾರ," ಎಂದಳು ಎರ್ರೆಮ್ಮ.

ಅವಳ ಸರದಿ ಬಂತು. ಕ್ಯಾಮೆರಾದ ಮುಂದೆ ನಿಂತಳು. ಪರದೆ ಕೆಂಪಾಯಿತು.

ಅಂದಾನಪ್ಪ ಬಂದು ಇಣುಕಿದ. ಗುರುತು ಹತ್ತಿ ಹಲ್ಲು ಕಿರಿದ. "ಓಹೋ, ಈ ಮುಂಡಿ ಇಲ್ಲೇ ಅಡಗಿತ್ತೇನು? ಓದು ಅಂಜಲಿ, ಎಲ್ಲಾರಿಗೂ ಕೇಳಂಗ ಓದು."

"ಸೂಪರ್‌ವೈಸರ್ ಮೇಲೆ ಹಲ್ಲೆ," ಅಂಜಲಿ ತಲೆ ಎತ್ತದೆ ಓದಿದಳು. "ಒಳಗೆ ಬಿಡುವಂತಿಲ್ಲ."

"ಯಾಕ ಹೊಡದ್ಲು ಅಂತ ಐತೇನು?" ಎರ್ರೆಮ್ಮ ಕೇಳಿದಳು.

"ಅದಕ್ಕ ಕಾಲಂ ಇಲ್ಲ, ದೊಡ್ಡವ್ವ."

ಎರ್ರೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದೊಡ್ಡ ಗೋದಾಮಿನಲ್ಲಿ ಅಷ್ಟಕ್ಕೆ ಜಾಗವಿಲ್ಲವೇ! ಅವಳು ಅಂದಾನಪ್ಪನ ಕಾಲರ್ ಹಿಡಿದು ಕ್ಯಾಮೆರಾದ ಮುಂದಕ್ಕೆ ಎಳೆದಳು.

"ಇವನ ಮಾರಿನೂ ನೋಡ್ಲಿ! ಏನ್ ಹೇಳ್ತತಿ ನೋಡೂಣು!"

ಪರದೆ ಹಸಿರಾಯಿತು. ಯಾವ ತಕರಾರೂ ಇಲ್ಲ.

"ಬಿಡಲೇ ಸೂಳಿ! ಏಯ್, ಸೆಕ್ಯೂರಿಟಿ!" ಅಂದಾನಪ್ಪ ಅರಚಿದ. ಅವಳು ಬಿಡಲಿಲ್ಲ.

"ಕಾಲಂ ಇಲ್ಲಂದ್ರ ಹಾಕು ಅಂಜಲಿ. ಹೊಸಾದು ಹೊಸಾದು ಅಂತ ಮುಂಜಾನಿಂದ ಒದರಾಕತ್ತೀರಲ್ಲ!"

ಅಂಜಲಿಯ ಕಣ್ಣು ತುಂಬಿ ಬಂತು. "ನನ್ನ ಕೈಯಾಗಿಲ್ಲ ದೊಡ್ಡವ್ವ. ನಂಗ ಕೆಂಪು, ಹಸಿರು ಎರಡೇ ಕೊಟ್ಟಾರ."

ಸೆಕ್ಯೂರಿಟಿಯವರು ಲಾಠಿ ಹಿಡಿದು ಓಡಿ ಬರುತ್ತಿದ್ದರು. ಆಗ ದುರ್ಗಕ್ಕ ಕೊರಳ ಪಾಸು ಕಿತ್ತು ಮೇಜಿನ ಮೇಲೆ ಒಗೆದು, ಕ್ಯಾಮೆರಾದ ಮುಂದೆ ಬಂದು ನಿಂತಳು.

"ನಂಗೂ ಕೈ ಹಾಕ್ಯಾನ ಇವ. ಅವತ್ತ ಸುಮ್ನಿದ್ದೆ," ಎಂದಳು. "ನನ್ನ ಮಾರಿನೂ ಕೆಂಪು ಮಾಡವ್ವ."