ಐಲೇಸಾಗೆ ಅರ್ಥವಿಲ್ಲ

ಜಲಜಾ ಕಟ್ಟಿದ ಹಾಡಿನಲ್ಲಿ ಇದ್ದದ್ದು ಒಂದೇ ಮಾತು, ‘ಐಲೇಸಾ’. ೨೦೦೬ರ ಮಾರ್ಚ್ ತಿಂಗಳಲ್ಲಿ ಆ ಮಾತನ್ನೂ ಅದನ್ನು ಕೂಗಿದ ಅವಳ ದನಿಯನ್ನೂ ತೆಗೆದು, ಬೇರೊಬ್ಬಳ ದನಿಯಲ್ಲಿ ‘ಹಾಯ್ ಲೀಸಾ’ ಎಂದು ಸೇರಿಸಿ ಸಿಡಿ ಬಿಡುಗಡೆ ಮಾಡಿದರು. ಅವಳನ್ನು ಕೇಳಲಿಲ್ಲ.

ಸುದ್ದಿ ಅವಳಿಗೆ ಮುಟ್ಟಿದ್ದು ರೇಡಿಯೊದಿಂದ. ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ರೋಗಿಗಳ ಟ್ರೇಗೆ ಜೆಲ್ಲಿ ಬಟ್ಟಲು ಇಡುತ್ತ ನಿಂತಿದ್ದಾಗ ತನ್ನದೇ ಗಿಟಾರು ಕಿವಿಗೆ ಬಿತ್ತು. ಪಕ್ಕದಲ್ಲಿದ್ದ ಲೆಬನಾನಿನ ಹೆಂಗಸಿನ ತೋಳು ಹಿಡಿದು, ಇದು ನಂದು, ನಾನೇ ನುಡಿಸಿದ್ದು ಎಂದಳು. ಕೂಗಿನ ಜಾಗ ಬಂತು. ಯಾವಳೋ ಕುಲುಕುಲು ನಗುತ್ತ ಯಾರಿಗೋ ‘ಹಾಯ್’ ಅಂದಳು. ಜಲಜಾ ಹಿಡಿದ ತೋಳು ಬಿಟ್ಟಳು.

ಬ್ಯಾಂಡಿನ ಹೆಸರು ‘ದಿ ಬಂಗುಡೆಸ್’. ಓದಲೆಂದು ಸಿಡ್ನಿಗೆ ಬಂದು, ಟೂಂಗಾಬಿಯಲ್ಲಿ ಒಂದೇ ಮನೆಯ ರೆಂಟ್ ಹಂಚಿಕೊಂಡಿದ್ದ ಮೂವರು ಕಟ್ಟಿದ್ದು. ಗಿಟಾರಿಗೆ ಗಂಗೊಳ್ಳಿಯ ಜಲಜಾ, ಬೇಸ್ ಗಿಟಾರಿಗೆ ಶಿವಮೊಗ್ಗದ ಇಂದ್ರೇಶ, ಡ್ರಮ್ಸಿಗೆ ಮೈಸೂರಿನ ಗುರುದತ್ತ. ಬಾರಿಸುತ್ತಿದ್ದದ್ದು ಸರ್ಫ್ ರಾಕ್. ಹಲಗೆಯ ಮೇಲೆ ನಿಂತು ಅಲೆ ಏರುವವರ ಸಂಗೀತ ಅದು. ಮಾತು ಕಮ್ಮಿ, ತಂತಿ ಬಿಡುವಿಲ್ಲದೆ ನಡುಗಬೇಕು, ನಡುವೆ ಒಬ್ಬರು ಒಂದು ಕೂಗು ಹಾಕಬೇಕು. ಕಡಲು ಎಂದರೆ ರಜೆ ಎಂದುಕೊಂಡವರ ಸಂಗೀತ. ಜಲಜಾಳ ಮನೆಯಲ್ಲಿ ಕಡಲು ಎಂದರೆ ಕೂಲಿ. ಆದರೂ ಆ ನಡುಗುವ ತಂತಿಯನ್ನು ಮೊದಲ ಸಲ ಕೇಳಿದಾಗ, ಇದು ನಮ್ಮ ದಡದ್ದೇ ಸದ್ದಲ್ಲವೇ ಎಂದು ಅವಳಿಗೆ ಅನ್ನಿಸಿತ್ತು.

ಅನ್ನಿಸಿದ್ದು ಸುಳ್ಳಲ್ಲ. ಗಂಗೊಳ್ಳಿಯಲ್ಲಿ ಕೈರಂಪಣಿ ಬಲೆಯನ್ನು ದಡದಲ್ಲಿ ನಿಂತು ಎಳೆಯುತ್ತಾರೆ. ಎರಡೂ ಕಡೆ ಹಗ್ಗಕ್ಕೆ ಇಪ್ಪತ್ತಿಪ್ಪತ್ತು ಜನ. ಗಂಡಸರು ಕಮ್ಮಿ ಬಿದ್ದ ದಿನ ಅವಳ ಅಬ್ಬಿ, ಅಂದರೆ ತಾಯಿಯೂ, ಮೀನು ಬುಟ್ಟಿ ಬದಿಗಿಟ್ಟು, ಸೆರಗು ಬಿಗಿದು ಹಗ್ಗ ಹಿಡಿಯುತ್ತಿದ್ದಳು. ‘ಐ’ ಅಂದಾಗ ಕೈ ಮುಂದಕ್ಕೆ ಹೋಗಬೇಕು. ‘ಲೇ’ ಅಂದಾಗ ಹಿಮ್ಮಡಿ ಮರಳಲ್ಲಿ ಹೂಳಬೇಕು. ‘ಸಾ’ ಅಂದಾಗ ನಲವತ್ತು ಜನರ ಸೊಂಟ ಒಟ್ಟಿಗೆ ಹಿಂದಕ್ಕೆ ಬಾಗಬೇಕು. ಒಬ್ಬ ತಪ್ಪಿದರೆ ಇನ್ನೊಬ್ಬನ ಅಂಗೈ ಸುಲಿಯುತ್ತದೆ. ಜಲಜಾ ಹಾಡು ಕಟ್ಟಿದ್ದು ಆ ಲೆಕ್ಕಕ್ಕೇ. ಗಿಟಾರು ‘ಐಲೇ’ಗೆ ಏರುತ್ತಿತ್ತು, ‘ಸಾ’ಗೆ ಧುಮುಕುತ್ತಿತ್ತು. ಪಬ್ಬುಗಳಲ್ಲಿ ನುಡಿಸಿದಾಗ, ಒಂದಕ್ಷರ ಕನ್ನಡ ಬಾರದ ಜನ ಆ ‘ಸಾ’ ಬಂದಾಗ ತಾವಾಗಿಯೇ ಹಿಂದಕ್ಕೆ ಬಾಗುತ್ತಿದ್ದರು. ಅವರಿಗೆ ಯಾರೂ ಅರ್ಥ ಹೇಳಿಕೊಟ್ಟಿರಲಿಲ್ಲ.

ಬ್ಯಾಂಡಿಗೆ ಮ್ಯಾನೇಜರ್ ಆಗಿ ಬಂದವನು ಶ್ರೀನಾಥ್. ಬೆಂಗಳೂರಿನವನು, ಐಟಿ ಕಂಪನಿಯಲ್ಲಿ ದೊಡ್ಡ ಹುದ್ದೆ, ಕನ್ನಡ ಬಳಗವೊಂದರ ಕಾರ್ಯದರ್ಶಿ. ನವೆಂಬರ್ ಬಂತೆಂದರೆ ಹಳದಿ-ಕೆಂಪು ಶಾಲು ಹೊದ್ದು, ಕನ್ನಡ ನನ್ನ ಉಸಿರು ಎಂದು ಮೈಕ್ ಮುಂದೆ ಕಣ್ಣೀರು ಹಾಕುತ್ತಿದ್ದ. ಬ್ಯಾಂಡಿನ ಹೆಸರು ಕೇಳಿದ ದಿನ ಮೂಗು ಮುಚ್ಚಿಕೊಂಡು ನಕ್ಕಿದ್ದ.

“ಬಂಗುಡೆ ಅಂದ್ರೆ ಫಿಶ್ ಅಲ್ವೇನ್ರೋ? ನಮ್ಮ ಬಳಗದಲ್ಲಿ ಹೇಗೆ ಅನೌನ್ಸ್ ಮಾಡ್ಲಿ? ಊಟಕ್ಕೆ ಮುಂಚೆ ಮಾಡ್ಲೋ, ಆಮೇಲೆ ಮಾಡ್ಲೋ?”

“ಊಟಕ್ಕೇ ಹಾಕಿ ಸರ್,” ಅಂದಿದ್ದ ಗುರುದತ್ತ.

ನಗುನಗುತ್ತಲೇ ಶ್ರೀನಾಥ್ ಬ್ಯಾಂಡಿನ ಹೆಸರನ್ನು ತನ್ನ ಹೆಸರಿನಲ್ಲಿ ರಿಜಿಸ್ಟರ್ ಮಾಡಿಸಿಕೊಂಡ. ಮೂವರೂ ಸ್ಟೂಡೆಂಟ್ ವೀಸಾದವರು, ಪಿಆರ್, ಅಂದರೆ ಇಲ್ಲಿಯೇ ಕಾಯಂ ಇರುವ ಹಕ್ಕು, ಇದ್ದವನು ಮಾಡಿಸಿದರೆ ಸಲೀಸು ಎಂದ. ಅವರೂ ಹೂಂ ಎಂದರು.

೨೦೦೫ರ ಡಿಸೆಂಬರಿನಲ್ಲಿ ಸಿಡ್ನಿಯ ಕಡಲತೀರದಲ್ಲಿ ಬಿಳಿಯರು ಗುಂಪುಗಟ್ಟಿ ಕಂದು ಮೈಯವರನ್ನು ಅಟ್ಟಾಡಿಸಿ ಹೊಡೆದರು. ಕಡಲು ನಮ್ಮದು, ನೀವು ಹೊರಗಿನವರು ಎಂದು ಬೆನ್ನಿನ ಮೇಲೆ ಬರೆದುಕೊಂಡು ಕುಣಿದರು. ಮರುವಾರ ಎರಡು ಪಬ್ಬುಗಳು ಬಂಗುಡೆಗಳಿಗೆ ಈಗ ಬೇಡ ಎಂದವು. ಅದೇ ಹೊತ್ತಿಗೆ ರೆಕಾರ್ಡ್ ಕಂಪನಿಯೊಂದು ಹಾಡನ್ನು ಒಪ್ಪಿಕೊಂಡಿತು. ಮೂವರೂ ಕುಣಿದಾಡಿದ್ದರು. ಈಗ ರೇಡಿಯೊದಲ್ಲಿ ಲೀಸಾ.

“ಅವ್ರ ಕಿವಿಗೆ ಹಾಗೆ ಕೇಳ್ಸಿದೆ ಕಣಮ್ಮ, ಏನ್ ಮಾಡೋಕಾಗತ್ತೆ?” ಅಂದ ಶ್ರೀನಾಥ್, ಅವಳು ಫೋನ್ ಮಾಡಿದಾಗ. “ಐಲೇಸಾ, ಹಾಯ್ ಲೀಸಾ. ನೋಡು, ಎಷ್ಟು ಹತ್ರ ಇದೆ! ಹಿಟ್ ಆಗ್ತಿದೆ, ಸುಮ್ನಿರು.”

“ಅರ್ಧ ಬೀಟ್ ತಿಂದವ್ರೆ ಜಲಜಾ,” ಅಂದ ಗುರುದತ್ತ, ಸಿಡಿಯನ್ನು ಮೂರು ಸಲ ಕೇಳಿ. “ಲೀ ಮೇಲೆ ಒತ್ತು ಬರ್ಲಿ ಅಂತ ನಿನ್ ಗಿಟಾರ್‌ನೇ ಕಂಪ್ಯೂಟರಲ್ಲಿ ಕತ್ತರ್ಸವ್ರೆ.”

ಹಾಡು ಎಲ್ಲೆಲ್ಲೂ ಹಬ್ಬಿತು. ವಿಡಿಯೊದಲ್ಲಿ ಚಿನ್ನದ ಕೂದಲಿನ ಹುಡುಗಿ ಹಲಗೆ ಹಿಡಿದು ಓಡಿದಳು. ಬ್ಯಾಂಡಿನ ಮೂವರ ಕೈಗಳಷ್ಟೇ ಕಂಡವು, ಅದೂ ಕಪ್ಪು-ಬಿಳುಪಿನಲ್ಲಿ. ಐಸ್‌ಕ್ರೀಮಿನ ಜಾಹೀರಾತಿಗೂ ಹಾಡು ಹೋಯಿತು. ಟೂಂಗಾಬಿಯ ಅಂಗಡಿಗಳಲ್ಲಿ ಆಂಟಿಯರು ಜಲಜಾಳನ್ನು ನಿಲ್ಲಿಸಿ “ಲೀಸಾ ಸಾಂಗ್ ನಿಮ್ದೇ ಅಂತಲ್ಲ!” ಎಂದು ಬೆನ್ನು ತಟ್ಟಿದರು. ಯಾರೋ ಗಂಗೊಳ್ಳಿಗೂ ಸಿಡಿ ಮುಟ್ಟಿಸಿದರು. ಅಬ್ಬಿ ಫೋನಿನಲ್ಲಿ ಕೇಳಿದಳು:

“ಹೆಣೆ, ಪದ ಚಂದ ಇತ್ತ್. ಆರೆ ಆ ಲೀಸಾ ಅಂದ್ರ್ ಯಾರ್? ನಿನ್ ಒಟ್ಟಿಗ್ ಇಪ್ಪುದಾ?”

“ಯಾರೂ ಅಲ್ಲ ಅಬ್ಬಿ.”

“ಹಂಗಾರೆ ಎಂತಕ್ ಕರುದ್ ಅವ್ಳನ್? ಹಗ್ಗ ಯಾರ್ ಎಳುದ್?”

ಜಲಜಾ ತಿಂಗಳುಗಟ್ಟಲೆ ಆ ಪ್ರಶ್ನೆಯನ್ನು ಹೊತ್ತು ತಿರುಗಿದಳು. ಆದರೂ ಕಿವಿ ಮಂದವಾದ ಬಿಳಿಯರ ತಪ್ಪು ಅದು ಎಂದೇ ನಂಬಿಕೊಂಡು ನುಡಿಸುತ್ತ ಹೋದಳು. ಕಾರ್ಯಕ್ರಮಗಳಲ್ಲಿ ಕೂಗಿನ ಜಾಗಕ್ಕೆ ಧ್ವನಿಮುದ್ರಣ ಹಾಕುತ್ತಿದ್ದರು. ಅವಳು ಬಾಯಿ ತೆರೆಯಬೇಕಾಗಿರಲಿಲ್ಲ.

೨೦೦೭ರ ಫೆಬ್ರುವರಿಯಲ್ಲಿ ಮೆಲ್ಬರ್ನಿನ ಕಡಲತೀರದಲ್ಲಿ ದೊಡ್ಡ ಕಾರ್ಯಕ್ರಮ. ನೆತ್ತಿ ಸುಡುವ ಮಧ್ಯಾಹ್ನ. ವೇದಿಕೆಯ ಹಿಂದೆ ಒಬ್ಬ ಪತ್ರಕರ್ತೆ ಜಲಜಾಳನ್ನು ಮಾತಾಡಿಸಲು ಬಂದು, ಕಂಪನಿ ಕಳಿಸಿದ ಕಾಗದಗಳನ್ನು ಮೊಣಕಾಲ ಮೇಲೆ ಹರಡಿಕೊಂಡಳು. ಅದರಲ್ಲೊಂದು ಹಾಡಿನ ವಿವರದ ಫಾರ್ಮಿನ ನಕಲು. ಮೂಲ ಶಬ್ದ ಎಂಬಲ್ಲಿ ‘ಐಲೇಸಾ’ ಎಂದಿತ್ತು, ಒಂದಕ್ಷರ ತಪ್ಪಿಲ್ಲದೆ. ಅಂದರೆ ಕಂಪನಿ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ, ಸರಿಯಾದ ಮಾತು ಅವರ ಕಾಗದದಲ್ಲೇ ಇತ್ತು. ಅರ್ಥ ಎಂಬಲ್ಲಿ ‘ಏನೂ ಇಲ್ಲ’. ಬದಲಾಯಿಸಬಹುದೇ ಎಂಬಲ್ಲಿ ‘ಧಾರಾಳವಾಗಿ’. ಕೆಳಗೆ ಶ್ರೀನಾಥನ ಸಹಿ, ಬಳಗದ ಆಮಂತ್ರಣ ಪತ್ರಿಕೆಗಳಲ್ಲಿ ಇರುವಂಥದ್ದೇ, ಬಾಲ ಎಳೆದದ್ದು.

ಜಲಜಾ ಗಿಟಾರು ಹೆಗಲಿಗೆ ಹಾಕಿಕೊಂಡು, ಆ ಕಾಗದ ಹಿಡಿದು ವೇದಿಕೆ ಹತ್ತಿದಳು. ಇಂದ್ರೇಶ, ಗುರುದತ್ತ ತಂತಿ-ತಾಳ ಸರಿಮಾಡುತ್ತಿದ್ದರು. ಶ್ರೀನಾಥ್ ಎದುರಿಗೇ ಬಂದ.

“ಎಲ್ಲಿದ್ದೆ? ಕೇಳು, ಇವತ್ತು ಟಿವಿಯವ್ರು ಬಂದಿದಾರೆ. ರೆಕಾರ್ಡೆಡ್ ವಾಯ್ಸ್ ಬೇಡ್ವಂತೆ. ನೀನೇ ಮೈಕಲ್ಲಿ ‘ಹಾಯ್ ಲೀಸಾ’ ಅನ್ಬೇಕು, ಹೀಗೆ ಕೈ ಬೀಸ್ಬೇಕು. ವಿಡಿಯೊದಲ್ಲಿರೋ ಆ ಹುಡುಗಿ ಮುಂದೆ ಓಡಿ ಬರ್ತಾಳೆ.”

“ಇದು ನಿಮ್ಮ ಸೈನ್ ಅಲ್ವಾ ಸರ್?”

ಅವನು ಕಾಗದದ ಮೇಲೆ ಕಣ್ಣಾಡಿಸಿದ. “ಹೌದು. ಅದಕ್ಕೇನೀಗ? ಫಾರ್ಮ್ ಕೊಟ್ರು, ಫಿಲ್ ಮಾಡ್ದೆ.”

“ಅರ್ಥ ಏನೂ ಇಲ್ಲ ಅಂತ ಬರ್ದಿದೀರಿ.”

“ಏನಿದೆ, ನೀನೇ ಹೇಳು! ಡಿಕ್ಷನರೀಲಿ ತೋರ್ಸು ನೋಡೋಣ. ಭಾರ ಎಳೆಯೋವಾಗ ನೀವುಗಳು ಬಾಯಿಗೆ ಬಂದಿದ್ದು ಕೂಗ್ತೀರ. ಅದೊಂದು ಭಾಷೇನಾ? ಅದನ್ನ ಕನ್ನಡ ಅಂತ ಇಲ್ಲಿ ಎಕ್ಸ್‌ಪ್ಲೇನ್ ಮಾಡ್ತಾ ಕೂರ್ಲಾ ನಾನು?”

“ನೀವುಗಳು ಅಂದ್ರೆ ಯಾರು ಸರ್?”

“ಓ, ಜಾತಿ ಎಲ್ಲ ತರ್ಬೇಡ ಪ್ಲೀಸ್.”

“ನಾನ್ ತರ್ಲಿಲ್ಲ. ನೀವೇ ಫಾರ್ಮ್ ತುಂಬಿ ಕಳ್ಸಿದ್ದು.” ಅವಳ ದನಿ ಏರಿತು. “ನನ್ನಬ್ಬಿ ಅಂಗೈ ಕಂಡಿದ್ರಾ ನೀವು? ಗೆರೆ ಒಂದೂ ಉಳಿದಿಲ್ಲ, ಹಗ್ಗ ತಿಂದಿದೆ. ಆ ಕೂಗಿಗೆ ಬಲೆ ದಡಕ್ಕೆ ಬಂತು, ನಾವು ಉಂಡ್ವಿ, ನಾನು ಶಾಲೆಗ್ ಹೋದೆ, ಇಲ್ಲಿಗೆ ಬಂದೆ. ಇಷ್ಟು ಕೆಲ್ಸ ಮಾಡಿದ ಮಾತಿಗೆ ಅರ್ಥ ಇಲ್ವಾ? ನವೆಂಬರಲ್ಲಿ ಶಾಲು ಹೊದ್ದು ಉಸ್ರು ಉಸ್ರು ಅಂತೀರಲ್ಲ, ಆ ಮಾತಿಗಿತ್ತಾ ಅರ್ಥ?”

ಕೆಳಗಡೆ ಮರಳಿನ ಮೇಲೆ ಸಾವಿರಾರು ಜನ ಚಪ್ಪಾಳೆ ಶುರುಮಾಡಿದ್ದರು. ಇಂದ್ರೇಶ ಹತ್ತಿರ ಬಂದು ಪಿಸುಗುಟ್ಟಿದ, “ಜಲಜಕ್ಕ, ಇವತ್ತೊಂದಿನ ಅಂದ್ಬಿಡೇ. ಇದನ್ನ ನಂಬ್ಕೊಂಡು ಕೆಲ್ಸ ಬಿಟ್ಟು ಬಂದಿದೀನಿ ನಾನು.”

“ನಿನ್ನ ಬಾಯಿ ನಾ ಹಿಡ್ದಿಲ್ಲ ಮಾರಾಯ. ನೀನೇ ಅನ್ನು.”

ಇಂದ್ರೇಶ ಮೈಕ್ ಕಡೆ ನೋಡಿದ. ಆಮೇಲೆ ತನ್ನ ಬೂಟು ನೋಡಿದ. ಗುರುದತ್ತ ಕೋಲುಗಳನ್ನು ತೊಡೆಯ ಮೇಲೆ ಅಡ್ಡ ಇಟ್ಟು ಕೂತುಬಿಟ್ಟಿದ್ದ.

ಶ್ರೀನಾಥ್ ಹಲ್ಲು ಕಚ್ಚಿದ. ಜನರತ್ತ ನಗುಮುಖ ತೋರಿಸುತ್ತಲೇ ಕೆಳದನಿಯಲ್ಲಿ ಅಂದ, “ಬ್ಯಾಂಡಿನ ಹೆಸ್ರು ನಂದು, ನೆನಪಿರ್ಲಿ. ಇವತ್ತು ಕೈ ಕೊಟ್ರೆ ನಾಳೆಯಿಂದ ಬಂಗುಡೆಸ್‌ನಲ್ಲಿ ನೀನಿರಲ್ಲ. ಗಿಟಾರ್ ಬಾರ್ಸೋರು ಬೀದಿಗೆ ಹತ್ತು ಜನ ಸಿಕ್ತಾರೆ. ಲಾಸ್ಟ್ ಟೈಮ್ ಕೇಳ್ತಿದೀನಿ. ಅಂತೀಯೋ, ಇಲ್ವೋ?”

“ಅನ್ನಲ್ಲ.”

“ಹಾಗಿದ್ರೆ ಗಿಟಾರ್ ತೆಗೆದಿಟ್ಟು ಸ್ಟೇಜಿಂದ ಇಳಿ.”

ಜಲಜಾ ಗಿಟಾರಿನ ಪಟ್ಟಿಯನ್ನು ಹೆಗಲ ಮೇಲೆ ಇನ್ನಷ್ಟು ಏರಿಸಿಕೊಂಡು, ಮೈಕಿನ ಮುಂದೆ ಕಾಲೂರಿ ನಿಂತಳು.

“ಇಳಿಯೋದೂ ಇಲ್ಲ,” ಅಂದಳು.