ಹಿತ್ತಲ ಎಲೆ

ನಮ್ಮ ಚಿನ್ನಮನೂರು ಮನೆಯಲ್ಲಿ ತೈ ತಿಂಗಳ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಒಂದು ಎಲೆ ಮಾತ್ರ ಹಿತ್ತಲಿಗೆ ಹೋಗುತ್ತದೆ. ಒಳಗಿನ ಎಲೆಗಳಿಗೆ ವಡೆ, ಪಾಯಸ, ಹುಳಿ, ಪಲ್ಯ. ಹಿತ್ತಲ ಎಲೆಗೆ ಮೆತ್ತನೆ ಅನ್ನ, ಸುಟ್ಟ ಬೆಳ್ಳುಳ್ಳಿ, ಮೆಣಸಿನ ಸಾರು. ಹುಣಸೆಯಿಲ್ಲ, ಉಪ್ಪು ಇದ್ದೂ ಇಲ್ಲದ ಹಾಗೆ. ಬಡಿಸಿದ ಮೇಲೆ ಎಲ್ಲರೂ ಬೆನ್ನು ತಿರುಗಿಸಿ ನಿಲ್ಲಬೇಕು. ಯಾರಿಗೆ ಎಂದು ಕೇಳಿದರೆ, ಮನೆತನಕ್ಕೆ ಕೆಡುಕು ಮಾಡಿದ ಯಾವಳಿಗೋ, ಅದಕ್ಕೇ ಸಪ್ಪೆ ಊಟ, ಅದಕ್ಕೇ ಮುಖ ಕೊಡುವುದಿಲ್ಲ ಎನ್ನುತ್ತಿದ್ದರು. ಸೊಸೆಯಾಗಿ ಬಂದ ನಾನೂ ನಂಬಿದೆ. ಕೆಟ್ಟವಳನ್ನು ವರ್ಷವರ್ಷ ಕರೆದು ಊಟ ಹಾಕುವ ಮಹಾನುಭಾವರು ಎಲ್ಲಿದ್ದಾರೆ ಎಂದು ಒಂದು ದಿನವೂ ತಲೆಗೆ ಹೊಳೆಯಲಿಲ್ಲ.

ಆ ಎಲೆಯ ಅಡುಗೆ ಯಾವಾಗಲೂ ನಮ್ಮತ್ತೆಯದು. ಅವರು ತೀರಿಕೊಂಡ ಮೇಲೆ ಈ ಸಲ ನನ್ನ ಪಾಲಿಗೆ ಬರಬೇಕಿತ್ತು. ಆದರೆ ಭಾವ ಕಂದಸಾಮಿ ಎಲೆಯನ್ನೇ ನಿಲ್ಲಿಸಿಬಿಟ್ಟರು. ನನ್ನ ಮಗಳು ಸರಣ್ಯಾ ಹೆರಿಗೆಗೆ ಬಂದಿದ್ದಳು. ಪುರುಡು ಕಳೆದು ಕೂಸಿಗೆ ಎರಡನೇ ತಿಂಗಳು.

"ಪಚ್ಚೆ ಕೂಸಿರೋ ಮನೆ. ಅವಳ್ನ ಕರೀಬ್ಯಾಡ. ಇನ್ಮೇಲೆ ಬ್ಯಾಡವೇ ಬ್ಯಾಡ," ಎಂದರು.

ಮನೆಗೆ ಹಿರಿಯರು, ಎದುರಾಡುವಂತಿಲ್ಲ. ಆದರೂ ತಲೆಮಾರುಗಳಿಂದ ಬಂದ ಎಲೆ ನನ್ನ ಕಾಲಕ್ಕೆ ನಿಂತುಹೋಗುತ್ತದಲ್ಲ ಎಂದು ಕಸಿವಿಸಿಯಾಯಿತು.

ಅವತ್ತು ಎಡೆ ತಡವಾಯಿತು. ಹಾಲುಣಿಸುವವಳನ್ನು ಕಾಯಿಸಬಾರದೆಂದು ಸರಣ್ಯಾಳಿಗೆ ಹಿತ್ತಲ ತೆಂಗಿನ ನೆರಳಲ್ಲಿ ಎಲೆ ಹಾಕಿ, ಬಡಿಸಿ, ಅವಳನ್ನು ಕರೆಯಲು ಒಳಗೆ ಬಂದೆ. ಅಷ್ಟರಲ್ಲಿ ಹಿತ್ತಲಿನಿಂದ ಭಾವನ ಗುಡುಗು.

"ಜೆಯಲಕ್ಷ್ಮೀ! ಈ ಎಲೆ ಬ್ಯಾಡ ಅಂತ ಎಷ್ಟು ಸಲ ಹೇಳೋದು?"

"ಭಾವಾ, ಅದು ಸರಣ್ಯಾ ಊಟ. ಬಾಣಂತಿ ಪತ್ಯ."

ಅವರು ಎಲೆ ನೋಡಿದರು. ನಾನೂ ನೋಡಿದೆ. ಮೆತ್ತನೆ ಅನ್ನ, ಸುಟ್ಟ ಬೆಳ್ಳುಳ್ಳಿ, ಮೆಣಸಿನ ಸಾರು. ಅದೇ ಹಿತ್ತಲ ಎಲೆಯ ಊಟ.

ಗಲಾಟೆಗೆ ತಂಗಮ್ಮಾಳ್ ಅತ್ತೆ ಎದ್ದು ಬಂದರು. ನನ್ನ ಮಾವನವರ ತಂಗಿ, ಎಡೆಗೆಂದು ತೇವಾರ ಊರಿನಿಂದ ಬಂದಿದ್ದ ಮುದುಕಿ. "ಅತ್ತೇ, ಹಿತ್ತಲ ಎಲೆ ಬಾಣಂತಿಗಾ?" ಎಂದು ಕೇಳಿಯೇಬಿಟ್ಟೆ.

ಅತ್ತೆ ಕಟ್ಟೆಯ ಮೇಲೆ ಕೂತರು. "ಕರುಪ್ಪಾಯಿಗೆ. ನಮ್ಮ ಗದ್ದೆ ನಾಟಿಗೆ ಬತ್ತಿದ್ದೋಳು. ನಮ್ಮಪ್ಪ ಹುಟ್ಟಿದ ವಾರಕ್ಕೆ ಅವ್ರವ್ವ ವಾಂತಿಬೇದಿ ಬಂದು ಸತ್ಳು. ಕರುಪ್ಪಾಯಿ ತನ್ನ ಕೂಸಿನ ಜೊತೆ ಅಪ್ಪನ್ನೂ ಮಡ್ಲಿಗೆ ಹಾಕ್ಕಂಡ್ಳು. ಒಳಗೆ ಬಿಡ್ಲಿಲ್ಲ ಅವಳ್ನ. ಇಲ್ಲೇ ಕುಂತು ಹಾಲು ಕೊಡೋಳು, ಇಲ್ಲೇ ಪತ್ಯ ಉಣ್ಣೋಳು."

"ಮತ್ತೆ ಬೆನ್ನು ಹಾಕೋದು?" ಭಾವನ ದನಿ ಇಳಿದಿತ್ತು.

"ಹಾಲು ಕೊಡೋಳ್ನ ಗಂಡಸ್ರು ನೋಡ್ತಾರೇನ್ಡಾ?"

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತೇ?" ಎಂದೆ ನಾನು.

"ಬ್ಯಾರೆ ಜಾತಿ ಹಾಲು ಕುಡ್ದೋನಿಗೆ ಹೆಣ್ಣು ಕೊಡಲ್ಲ ಅಂತ ಹೆಸ್ರು ಮುಚ್ಚಿದ್ರು. ಎಲೆ ಬಿಡೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ನೀವ್ಯಾರು ಕೇಳಿದ್ರಿ?"

ಭಾವ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ. ಆ ಹಾಲಿಲ್ಲದಿದ್ದರೆ ಭಾವನಿಲ್ಲ, ನನ್ನ ಗಂಡನಿಲ್ಲ, ಸರಣ್ಯಾ ಇಲ್ಲ, ತೊಟ್ಟಿಲಲ್ಲಿ ಕಾಲು ಬಡಿಯುವ ಕೂಸೂ ಇಲ್ಲ. ಒಂದು ಹೆಂಗಸು ತನ್ನ ಮಗುವಿನ ಪಾಲನ್ನು ಹಂಚಿದ್ದಕ್ಕೆ ಇಷ್ಟು ದೊಡ್ಡ ಸಂಸಾರ ಉಣ್ಣುತ್ತಿದೆ. ಕೈಮುಗಿಯಬೇಕಾದವಳನ್ನು ಕೆಟ್ಟವಳೆಂದು ಮಕ್ಕಳಿಗೆ ಹೇಳಿಕೊಟ್ಟ ಬುದ್ಧಿವಂತರು ನಾವು.

ಭಾವ ಒಳಗೆ ಹೋಗಿ ಹಿರಿಯರ ಸಾಲಿನ ಮೊದಲಿಗೆ ಹೊಸ ಎಲೆ ಹಾಸಿದರು. ಸರಣ್ಯಾಳ ಪಾತ್ರೆಯಿಂದಲೇ ತಾವೇ ಬಡಿಸಿದರು. "ಅಮ್ಮಾ ಕರುಪ್ಪಾಯಿ, ಒಳಗೆ ಬಾ ತಾಯೀ, ಉಣ್ಣು," ಎಂದು ಗಟ್ಟಿಯಾಗಿ ಹೆಸರು ಹಿಡಿದು ಕರೆದರು.

ಆಗ ಕೂಸು ಅತ್ತಿತು. ಸರಣ್ಯಾ ಅದನ್ನೆತ್ತಿಕೊಂಡು ಕೋಣೆಗೆ ಹೊರಟಳು.

"ಎಲ್ಲಿಗೆ ಹೋಗ್ತಿ ಮಗ್ಳೇ? ಆ ತಾಯಿ ಪಕ್ಕದಾಗೇ ಕುಂತ್ಕೊ," ಎಂದ ಭಾವ, ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿ ನಿಂತರು.