ಒಂದೇ ಕೊಪ್ಪರಿಗೆಯ ಸಾಂಬಾರು

ಮಸ್ಕತ್ತಿನಿಂದ ಬಂದು ಕಾರ್ಕಳದಲ್ಲಿ ನೆಲೆಸಿದ ಮೇಲೆ ಭುಜಂಗ ಶೆಟ್ಟರಿಗೆ ಎಲ್ಲದರ ಹಿಂದೆಯೂ ಏನೋ ಒಂದು ಒಳಸಂಚು ಕಾಣಿಸತೊಡಗಿತು. ಕಾಪುವಿನ ದೀಪಸ್ತಂಭ ಮಿನುಗುವುದು ಯಾವುದೋ ದೇಶದ ಜಲಾಂತರ್ಗಾಮಿಗೆ ಸನ್ನೆ ಕೊಡಲಿಕ್ಕೆ ಎಂದು ಅವರು ವಾಟ್ಸಾಪಿನಲ್ಲಿ ಬರೆದ ದಿನ ಪೇಟೆಯೆಲ್ಲ ನಕ್ಕಿತು. ಶೆಟ್ಟರಿಗೆ ಬೇಸರವೇನೂ ಆಗಲಿಲ್ಲ. ನಕ್ಕವರನ್ನೇ ಕರೆದು ಕೂರಿಸಿ ಚಹಾ ಕುಡಿಸುವ ಜೀವ ಅದು.

ಆದರೆ ಸಾಂಬಾರಿನ ವಿಷಯ ಎತ್ತಿದಾಗ ಯಾರೂ ನಗಲಿಲ್ಲ, ಸಿಟ್ಟಾದರು.

ಬಸ್ ನಿಲ್ದಾಣದ ಹತ್ತಿರ ರಸ್ತೆಯ ಈಚೆಗೆ ಹಯಗ್ರೀವ ಭಟ್ಟರ ಹೋಟೆಲು, ಆಚೆಗೆ ನಂದನ ಉಪಾಧ್ಯರದು. ಇಬ್ಬರೂ ಷಡ್ಡಕರು. ಅಕ್ಕ ಸುಭಾಷಿಣಿ ಭಟ್ಟರ ಹೆಂಡತಿ, ತಂಗಿ ಪ್ರಿಯಂವದಾ ಉಪಾಧ್ಯರ ಹೆಂಡತಿ. ಒಂದು ಕಾಲದಲ್ಲಿ ಕೂಡಿ ಹೋಟೆಲು ನಡೆಸುತ್ತಿದ್ದವರು, ಸಾಂಬಾರಿಗೆ ಬೆಲ್ಲ ಬೇಕೋ ಬೇಡವೋ ಎಂಬ ಮಾತಿನಲ್ಲಿ ಜಗಳ ಹತ್ತಿ ಬೇರೆಯಾಗಿದ್ದರು. ಬೆಲ್ಲವಿಲ್ಲದಿದ್ದರೆ ಅದು ಸಾಂಬಾರೇ ಅಲ್ಲ ಎನ್ನುವುದು ಭಟ್ಟರ ಹಟ. ಬೆಲ್ಲ ಬೇಕಾದವರು ಪಾಯಸ ಕುಡಿಯಲಿ ಎನ್ನುವುದು ಉಪಾಧ್ಯರ ಹಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಹೆಂಡತಿಯರೂ ಮಾತಾಡಕೂಡದೆಂದು ಕಟ್ಟಪ್ಪಣೆ. ಗಿರಾಕಿಗಳೂ ಎರಡು ಪಕ್ಷವಾದರು. ಈಚೆಯವರು ಆಚೆ ಕಾಲಿಡರು, ಆಚೆಯವರು ಈಚೆ ತಿರುಗಿ ನೋಡರು.

ಯಾವ ಪಕ್ಷಕ್ಕೂ ಸೇರದೆ ಎರಡೂ ಕಡೆ ತಿನ್ನುತ್ತಿದ್ದವರು ಶೆಟ್ಟರೊಬ್ಬರೇ. ಒಂದು ದಿನ ಅವರು ಘೋಷಿಸಿಯೇ ಬಿಟ್ಟರು: "ಎರಡೂ ಒಂದೇ ಸಾಂಬಾರು ಮಾರಾಯ್ರೆ. ಜಗಳವೆಲ್ಲ ನಾಟಕ. ಗಿರಾಕಿ ಹಿಡಿಯಲಿಕ್ಕೆ ಅವರಿಬ್ಬರೂ ಸೇರಿ ಮಾಡಿದ ಪಿತೂರಿ!"

ಭಟ್ಟರು ಶೆಟ್ಟರ ಮನೆಗೇ ಬಂದು ದಬಾಯಿಸಿ ಹೋದರು. ಅವರು ಗೇಟು ದಾಟುವಷ್ಟರಲ್ಲಿ ಉಪಾಧ್ಯರೂ ಬಂದರು.

"ಶೆಟ್ರೆ, ನನ್ನ ಸಾಂಬಾರಿನಲ್ಲಿ ಬೆಲ್ಲ ಉಂಟು ಅಂತ ಹೇಳಿದರಂತೆ? ನಿಮ್ಮ ನಾಲಿಗೆ ಒಮ್ಮೆ ಡಾಕ್ಟರಿಗೆ ತೋರಿಸಿ!"

ಶೆಟ್ಟರ ಹೆಂಡತಿ ಪ್ರಫುಲ್ಲಾ ಒಳಗಿನಿಂದ ಮಜ್ಜಿಗೆ ತಂದು ಕೊಟ್ಟು ಅವರನ್ನು ಸಮಾಧಾನಪಡಿಸಿ ಕಳಿಸಿದಳು. "ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ಗಂಡನನ್ನೂ ಗದರಿದಳು. ಆಮೇಲೆ ಶೆಟ್ಟರು ಸಾಂಬಾರಿನ ಸುದ್ದಿ ಎತ್ತಲಿಲ್ಲ. ಆದರೆ ತಾನು ಸುಳ್ಳಾದೆನಲ್ಲ ಎಂಬುದು ಮೊದಲ ಬಾರಿಗೆ ಮನಸ್ಸಿಗೆ ಚುಚ್ಚಿತು. ಎಷ್ಟೆಂದರೂ ನಾಲಿಗೆ ತನ್ನದು, ಯಾರೋ ಫಾರ್ವರ್ಡ್ ಮಾಡಿದ್ದಲ್ಲ.

ಮೊನ್ನೆ ಒಂದು ಬೆಳಿಗ್ಗೆ ಭಟ್ಟರ ಹೋಟೆಲಿನಲ್ಲಿ ಇಡ್ಲಿ ಮುರಿದು ಸಾಂಬಾರಿಗೆ ಅದ್ದಿ ಬಾಯಿಗಿಟ್ಟರು. ಉಪ್ಪಿಲ್ಲ. ಸ್ವಲ್ಪವೂ ಇಲ್ಲ. ಪಕ್ಕದ ಮೇಜಿನವರೂ ಮುಖ ಕಿವುಚುತ್ತಿದ್ದರು. ಶೆಟ್ಟರ ತಲೆಯೊಳಗೆ ಏನೋ ಹೊಳೆಯಿತು. ಕೈ ತೊಳೆಯದೆ ಎದ್ದು, ಒಂದು ಬಸ್ಸಿಗೆ ಕೈ ಅಡ್ಡ ಹಿಡಿದು ರಸ್ತೆ ದಾಟಿ, ಉಪಾಧ್ಯರಲ್ಲಿ ಯಾರದೋ ತಟ್ಟೆಯ ಸಾಂಬಾರಿಗೇ ಬೆರಳದ್ದಿ ನೆಕ್ಕಿದರು.

ಅಲ್ಲೂ ಉಪ್ಪಿಲ್ಲ!

"ಬನ್ನಿ ಮಾರಾಯ್ರೆ, ಎಲ್ಲರೂ ಬನ್ನಿ! ಎರಡೂ ಕಡೆ ಉಪ್ಪಿಲ್ಲ!" ಎಂದು ನಡುರಸ್ತೆಯಲ್ಲಿ ನಿಂತು ಕೂಗಿದರು.

ಈಚೆಯವರು ಆಚೆಗೂ ಆಚೆಯವರು ಈಚೆಗೂ ನುಗ್ಗಿದರು. ಗದ್ದಲಕ್ಕೆ ಗಲ್ಲಾ ಬಿಟ್ಟು ಹೊರಬಂದ ಭಟ್ಟರಿಗೂ ಉಪಾಧ್ಯರಿಗೂ ಜನ ಒಬ್ಬರ ಸಾಂಬಾರನ್ನು ಇನ್ನೊಬ್ಬರಿಗೆ ಕುಡಿಸಿದರು. ಇಬ್ಬರೂ ಕುಡಿದು, ಬಟ್ಟಲು ನೋಡಿ, ಮುಖ ಮುಖ ನೋಡಿಕೊಂಡರು. ಆ ಕಂಗಾಲು ಮುಖಗಳನ್ನು ಕಂಡಾಗಲೇ ಶೆಟ್ಟರಿಗೆ ತಿಳಿದದ್ದು: ಪಿತೂರಿ ನಿಜ, ಆದರೆ ಮಾಡಿದವರು ಇವರಲ್ಲ.

ಸಾಂಬಾರು ಮನೆಯಲ್ಲಿ ಹೆಂಡತಿಯರೇ ಮಾಡಿ ರಿಕ್ಷಾದಲ್ಲಿ ಕಳಿಸುತ್ತಿದ್ದದ್ದು. ಎರಡು ಮನೆಗಳೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಷಡ್ಡಕರಿಬ್ಬರೂ ಶೆಟ್ಟರೂ ಭಟ್ಟರ ಮನೆಯ ಹಿತ್ತಿಲಿಗೆ ಹೋಗಿ ನೋಡಿದರೆ, ತುಕ್ಕು ಹಿಡಿದಿರಬೇಕಾಗಿದ್ದ ನಡುಗೋಡೆಯ ಬಾಗಿಲು ಎಣ್ಣೆ ಹಾಕಿಸಿಕೊಂಡು ಹಾರುಹೊಡೆದಿತ್ತು. ಒಲೆಯ ಮೇಲೆ ಒಂದೇ ಒಂದು ದೊಡ್ಡ ಕೊಪ್ಪರಿಗೆ. ಪಕ್ಕದಲ್ಲಿ ಅಕ್ಕ ತಂಗಿ ರೇಷ್ಮೆ ಸೀರೆ ಉಟ್ಟು ಒಬ್ಬರಿಗೊಬ್ಬರು ಮಲ್ಲಿಗೆ ಮುಡಿಸುತ್ತಿದ್ದರು.

"ಇದೆಂತ ಇದು?" ಭಟ್ಟರು ಕೊಪ್ಪರಿಗೆಯತ್ತ ಬೆರಳು ತೋರಿಸಿದರು.

"ಬಂದಿರಾ? ಫೋನು ಎತ್ತುವುದಿಲ್ಲ ನೀವು!" ಎಂದಳು ಸುಭಾಷಿಣಿ. "ನೀವು ಅಜ್ಜ ಆದಿರಿ. ಮಣಿಪಾಲದಲ್ಲಿ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು."

"ಆ ಖುಷಿಯಲ್ಲಿ ಉಪ್ಪು ಅಕ್ಕ ಹಾಕಿದ್ದಾಳೆ ಅಂತ ನಾನು, ನಾನು ಹಾಕಿದ್ದೇನೆ ಅಂತ ಅಕ್ಕ," ಎಂದು ಪ್ರಿಯಂವದಾ ನಾಲಿಗೆ ಕಚ್ಚಿಕೊಂಡಳು.

ಉಪಾಧ್ಯರು ಕೊಪ್ಪರಿಗೆಯೊಳಗೆ ಬಗ್ಗಿ ನೋಡಿ ಮೆಲ್ಲಗೆ ಕೇಳಿದರು: "ಹಾಗಾದರೆ ಬೆಲ್ಲ?"

"ಹೋಟೆಲು ಬೇರೆಯಾದ ದಿನದಿಂದಲೂ ಹಾಕಿದ್ದೇವೆ. ಬೆಲ್ಲ ಇಲ್ಲದ್ದಕ್ಕೇ ಎಂತ ರುಚಿ ಅಂತ ದಿನಾ ಹೊಗಳುತ್ತಿದ್ದಿರಿ, ಅಲ್ವಾ?" ಎಂದಳು ಪ್ರಿಯಂವದಾ.

ಮೊದಲು ನಕ್ಕವರು ಭಟ್ಟರು. ಎಷ್ಟು ನಕ್ಕರೆಂದರೆ ಬಾವಿಕಟ್ಟೆ ಹಿಡಿದು ಕೂರಬೇಕಾಯಿತು. ಉಪಾಧ್ಯರು ಸಿಟ್ಟಾಗಲು ಒಂದು ಕ್ಷಣ ಪ್ರಯತ್ನಿಸಿ, ಆಗದೆ, ಅವರ ಪಕ್ಕದಲ್ಲೇ ಕುಳಿತುಬಿಟ್ಟರು. "ಅಜ್ಜ ಆದಿರಲ್ಲ ಭಾವ," ಎಂದು ಕೈ ಹಿಡಿದರು. ಎಷ್ಟೋ ವರ್ಷಗಳ ಮೇಲೆ ಆಡಿದ ಮೊದಲ ಮಾತು. ಭಟ್ಟರ ಕಣ್ಣು ತುಂಬಿತು.

ಎಲ್ಲರನ್ನೂ ತನ್ನ ಕಾರಿನಲ್ಲಿ ತುಂಬಿಕೊಂಡು ಮಣಿಪಾಲಕ್ಕೆ ಹೊರಟವರು ಶೆಟ್ಟರೇ. ಹಿಂದಿನ ಸೀಟಿನಲ್ಲಿ ಮಗುವಿನ ಹೆಸರಿನ ಬಗ್ಗೆ ಆಗಲೇ ಷಡ್ಡಕರ ವಾದ ಶುರುವಾಗಿತ್ತು. ಹೆಂಡತಿಯರು ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದರು.

ಮಧ್ಯಾಹ್ನ ಮನೆಗೆ ಬಂದ ಶೆಟ್ಟರು ಚಪ್ಪಲಿ ಬಿಡುವ ಮೊದಲೇ ಕೂಗಿದರು: "ಪ್ರಫುಲ್ಲಾ, ಕೇಳಿದೆಯಾ? ನಾನು ಹೇಳಿದ್ದು ನಿಜವಾಯಿತು!"

"ನಿಜವೇ ಅಲ್ವಾ," ಎಂದಳು ಅವಳು, ಮೀನು ಕೊಯ್ಯುತ್ತಾ. "ಆ ಬಾಗಿಲಿಗೆ ಎಣ್ಣೆ ಕೊಟ್ಟದ್ದು ಯಾರು ಅಂತ ತಿಳಿದಿರಿ? ನಾನು. ಈ ಬೀದಿಯ ಹೆಂಗಸರಿಗೆಲ್ಲ ಗೊತ್ತಿತ್ತು."

ಶೆಟ್ಟರು ಜಗಲಿಯಲ್ಲೇ ಕುಸಿದರು. ಇಷ್ಟು ದೊಡ್ಡ ಸಂಚು! ಅದೂ ತನ್ನ ಮನೆಯೊಳಗೇ! ಆಮೇಲೆ ಹೊಟ್ಟೆ ತುಂಬ ನಗುತ್ತಾ ಹೆಂಡತಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಬೇರೆ ಎಂತೆಂತ ಉಂಟು? ಒಂದಾದರೂ ಹೇಳು ಮಾರಾಯ್ತಿ."